ಆರು ಡಬ್ಬಿ ಮೇಷ್ಟ್ರು ಮತ್ತು ಎರಡನೇ ಬ್ರೇಕು

ಇಪ್ಪತ್ತೆರಡು ವರ್ಷ ಕಾರು ಕಲಿಸಿದರೂ ಮೇಷ್ಟ್ರ ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿಂದಿನ ಕಾಲದ ವೀರರು ರಣರಂಗಕ್ಕೆ ಇಳಿಯುವಾಗ ಕುದುರೆಯ ಲಗಾಮನ್ನು ಕನಿಷ್ಠಪಕ್ಷ ಕುದುರೆ ಕಂಡವನ ಕೈಗೆ ಕೊಡುತ್ತಿದ್ದರು. ನಮ್ಮ ಮೇಷ್ಟ್ರು ದಿನಕ್ಕೆ ಹನ್ನೆರಡು ಸಲ, ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಸೀಟಿನ ಕೆಳಗೆ ಬಗ್ಗಿ ಹುಡುಕುವವರ ಕೈಗೆ ಸ್ಟಿಯರಿಂಗ್ ಒಪ್ಪಿಸಿ, ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು, ಬಸ್ಸು, ಲಾರಿ, ಶಾಲೆ ಬಿಟ್ಟ ಮಕ್ಕಳು ಎಲ್ಲ ಇರುವ ರಸ್ತೆಗೆ ಹೊರಡುತ್ತಿದ್ದರು. ಸಂಜೆ ಜೀವಸಹಿತ ಮನೆಗೆ ಬಂದು ಬೂಟು ಬಿಚ್ಚುತ್ತಿದ್ದರು. ಇಂಥ ಯೋಧನಿಗೆ ಯಾರೂ ಪದಕ ಕೊಡಲಿಲ್ಲ. ಕೊಟ್ಟಿದ್ದರೂ ಅದನ್ನು ಬಲಗಾಲಿಗೆ ಕಟ್ಟಬೇಕಾಗುತ್ತಿತ್ತು.

ಏಕೆಂದರೆ ನಲವತ್ತೈದರ ಆ ಸಣಕಲು ದೇಹದಲ್ಲಿ ಹೇಳಿಕೊಳ್ಳುವಂಥದ್ದು ಬಲಗಾಲು ಒಂದೇ. ಕಲಿಯುವವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಶಿಷ್ಯ ಮರೆತಾಗ ಗುರು ಒತ್ತಲಿ ಎಂದು ಇಟ್ಟದ್ದು ಅದು. ಮೇಷ್ಟ್ರ ಬಲಗಾಲು ಅದರ ಮೇಲೆ ಬೆಕ್ಕು ಇಲಿಯ ಬಿಲದ ಮುಂದೆ ಕೂತ ಹಾಗೆ ಕೂತಿರುತ್ತಿತ್ತು. ದರ್ಜಿಗೆ ಕಣ್ಣು ಹೇಗೋ, ಅಡುಗೆಯವನಿಗೆ ನಾಲಿಗೆ ಹೇಗೋ, ಡ್ರೈವಿಂಗ್ ಮೇಷ್ಟ್ರಿಗೆ ಎಚ್ಚರ ಹಾಗೆ. ಬೇರೆಯವರ ತಪ್ಪು ಹುಟ್ಟುವ ಮೊದಲೇ ಅದರ ಮುಖ ಗುರುತು ಹಿಡಿಯಬೇಕು. ಇಡೀ ದಿನ ಇನ್ನೊಬ್ಬರ ತಪ್ಪಿಗಾಗಿ ಕಾದು ಕೂರುವುದು ಎಷ್ಟು ದಣಿವಿನ ಕೆಲಸ ಎಂಬುದು ಮಕ್ಕಳ ಪರೀಕ್ಷೆಯ ಕಾಲದಲ್ಲಿ ಅಪ್ಪ ಅಮ್ಮಂದಿರಿಗೆ ಸ್ವಲ್ಪ ಗೊತ್ತಾಗುತ್ತದೆ. ಮೇಷ್ಟ್ರಿಗೆ ಅದು ವರ್ಷವಿಡೀ.

ಮೊದಲು ಈ ಎಚ್ಚರಕ್ಕೆ ಕಾಫಿ ಸಾಕಾಗುತ್ತಿತ್ತು. ಬೆಳಿಗ್ಗೆ ಐದೂವರೆಗೆ ಒಂದು ಲೋಟ, ಹನ್ನೊಂದಕ್ಕೆ ಒಂದು, ನಾಲ್ಕಕ್ಕೆ ಒಂದು. ಆಮೇಲೆ ಆಫೀಸಿಗೆ ಹೋಗುವವರಿಗಾಗಿ ಬೆಳಗಿನ ಪಾಠ ಇನ್ನೂ ಬೇಗ ಶುರುವಾಯಿತು, ಆಫೀಸಿನಿಂದ ಬರುವವರಿಗಾಗಿ ಸಂಜೆಯ ಪಾಠ ಇನ್ನೂ ತಡವಾಗಿ ಮುಗಿಯತೊಡಗಿತು. ಎಂಟು ಪಾಠ ಹನ್ನೆರಡಾದವು. ದಿನ ಮಾತ್ರ ಇಪ್ಪತ್ತನಾಲ್ಕೇ ಗಂಟೆ ಎಂದು ಹಟ ಹಿಡಿದು ಕೂತಿತ್ತು. ಹೀಗಿರುವಾಗ, ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಸಿಗ್ನಲ್ಲಿನಲ್ಲಿ ನಿಂತ ಕಾರಿನ ಕಿಟಕಿಯೊಳಗೆ ಕೆಂಪು ಟೋಪಿಯ ಹೆಂಗಸೊಬ್ಬಳು ತಣ್ಣನೆಯ ಎನರ್ಜಿ ಡ್ರಿಂಕಿನ ಡಬ್ಬಿಯೊಂದನ್ನು ತುರುಕಿದಳು.

"ಕಂಪನಿ ಕಡೆಯಿಂದ ಫ್ರೀ ಸರ್. ಕುಡಿದು ನೋಡಿ, ಹಾರಾಡ್ತೀರಾ!"

"ನಾನು ಹಾರಾಡಿದ್ರೆ ಗಾಡಿ ಯಾರಮ್ಮ ನೋಡ್ಕೋತಾರೆ?" ಎಂದರು ಮೇಷ್ಟ್ರು. ಆದರೂ ಡಬ್ಬಿಯನ್ನು ವಾಪಸ್ಸು ಕೊಡಲಿಲ್ಲ.

ಡಬ್ಬಿಯ ಮೇಲೆ ನೆಗೆಯುತ್ತಿರುವ ಚಿರತೆಯ ಚಿತ್ರ. ಒಳಗಿನ ಪಾನೀಯಕ್ಕೆ ಕೆಮ್ಮಿನ ಔಷಧಿಗೆ ಸೋಡಾ ಬೆರೆಸಿದ ರುಚಿ. ಮೊದಲ ಗುಟುಕಿಗೆ ಮೇಷ್ಟ್ರು ಮುಖ ಕಿವುಚಿದರು. ಕಾಲು ಗಂಟೆಯ ಮೇಲೆ ಎದುರಿನ ಲಾರಿಯ ನಂಬರ್ ಪ್ಲೇಟು ದಪ್ಪ ಅಕ್ಷರದಲ್ಲಿ ಕಂಡಿತು. ಫುಟ್‌ಪಾತಿನ ಮುದುಕರು ರಸ್ತೆಗೆ ಇಳಿಯುವ ಮೊದಲೇ ಅವರ ಮನಸ್ಸಿನ ಮಾತು ಕೇಳಿಸಿತು. ಅಂದು ಹನ್ನೆರಡನೇ ಪಾಠದಲ್ಲಿ ಕೂಡ ಮೇಷ್ಟ್ರು ಒಂದನೇ ಪಾಠದವರ ಹಾಗೆ ನೆಟ್ಟಗೆ ಕೂತಿದ್ದರು.

ಒಂದು ಡಬ್ಬಿ ಎರಡಾಯಿತು, ಎರಡು ನಾಲ್ಕಾಯಿತು, ಎರಡನೇ ವರ್ಷಕ್ಕೆ ದಿನಕ್ಕೆ ಆರು. ಡಬ್ಬಿಯ ಬೆನ್ನಿನ ಮೇಲೆ, ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ ಎಂದು ಬರೆದಿತ್ತು. ಆದರೆ ಅದನ್ನು ಬರೆದ ಅಕ್ಷರ ಎಷ್ಟು ಸಣ್ಣದೆಂದರೆ, ಓದುವಷ್ಟು ಕಣ್ಣು ಚುರುಕಾಗಬೇಕಾದರೆ ಮೂರು ಡಬ್ಬಿ ಕುಡಿದಿರಬೇಕು.

ಮೇಷ್ಟ್ರೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ಬೀದಿಯ ಕೊನೆಯ ಅಂಗಡಿಯ ಫ್ರಿಜ್ಜಿನಲ್ಲಿ ಮೊದಲು ಹಾಲು, ಬೆಣ್ಣೆ, ನೀರಿನ ಬಾಟಲಿ ಇರುತ್ತಿದ್ದವು. ಈಗ ಕಣ್ಣಿಗೆ ಕಾಣುವ ಎರಡು ಸಾಲು ಪೂರ್ತಿ ಚಿರತೆ, ಮಿಂಚು, ಮುಷ್ಟಿ. ಹಾಲು ಕೆಳಗಿನ ತರಕಾರಿ ಡ್ರಾಯರಿಗೆ ಇಳಿದಿದೆ. ಬೆಳಗಿನ ಪಾಳಿಯ ನರ್ಸುಗಳು ಒಂದು ಒಯ್ಯುತ್ತಾರೆ, ಪಾರ್ಸೆಲ್ ಹಂಚುವವರು ಬೈಕು ಆರಿಸದೆಯೇ ಕೈ ಚಾಚುತ್ತಾರೆ, ಓದುವ ಮಕ್ಕಳು ಪುಸ್ತಕದ ಜತೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಕಾಫಿ ಕುಡಿಯುವ ನಾವು ಇವರನ್ನು ನೋಡಿ ಮೂಗು ಮುರಿಯುತ್ತೇವೆ. ನಮ್ಮದು ಅಭಿರುಚಿ, ಅವರದು ಚಟ. ಬೆಳಿಗ್ಗೆ ಕಾಫಿಪುಡಿ ಮುಗಿದುಹೋದ ಮನೆಯಲ್ಲಿ ಎಂಟು ಗಂಟೆಗೆ ಯಾರಾದರೂ ನಮ್ಮ ಅಭಿರುಚಿಯ ಮುಖ ನೋಡಬೇಕು.

ನಿದ್ದೆ ಬಂದರೆ ಮಲಗಬೇಕು ಎಂಬುದು ಮನುಷ್ಯನಿಗೆ ಯಾರೂ ಹೇಳಿಕೊಡದೆ ಬಂದ ವಿದ್ಯೆ. ಅದನ್ನು ತಪ್ಪಿಸುವುದು ಹೇಗೆ ಎಂಬುದಕ್ಕೆ ಮಾತ್ರ ಇಷ್ಟು ಕಾರ್ಖಾನೆಗಳು ಬೇಕಾದವು. ದಣಿವು ಎಂಬುದು ದೇಹ ಬರೆದ ಚೀಟಿ. ಡಬ್ಬಿ ಆ ಚೀಟಿಯನ್ನು ಹರಿದು ಬಿಸಾಡುತ್ತದೆ, ದಣಿವನ್ನಲ್ಲ. ಮೇಷ್ಟ್ರು ಎರಡು ವರ್ಷ ತಮಗೆ ಬಂದ ಚೀಟಿಗಳನ್ನೆಲ್ಲ ಹರಿದು ಹಾಕಿದ್ದರು.

ಮನೆಯಲ್ಲಿ ಅದು ಮೊದಲು ಕಂಡದ್ದು ಊಟದ ಮೇಜಿನ ಕೆಳಗೆ.

"ರೀ, ಯಾರಿಗೆ ಬ್ರೇಕ್ ಹಾಕ್ತಿದ್ದೀರಿ?" ಎಂದರು ಹೆಂಡತಿ.

"ಯಾರಿಗೂ ಇಲ್ವಲ್ಲ."

"ಮತ್ತೆ ನನ್ನ ಪಾದ ಯಾಕೆ ತುಳೀತೀರಿ? ನಾನೇನು ಸ್ಪೀಡಾಗಿ ಮಾತಾಡಿದ್ನಾ?"

"ಕಾಲಿನ ಅಭ್ಯಾಸಬಲ ಕಣೆ."

"ಅಭ್ಯಾಸ ಅಲ್ಲ, ನಿಮ್ಮ ಚಿರತೆ. ಅದಕ್ಕೆ ಊಟ ಹಾಕಿ ಮಲಗಿಸಿ. ಇಲ್ಲಾಂದ್ರೆ ನಾನು ಬೂಟ್ ಹಾಕ್ಕೊಂಡು ಊಟಕ್ಕೆ ಕೂರ್ತೀನಿ."

ಈ ಮಾತನ್ನು ಮೇಷ್ಟ್ರು ನಕ್ಕು ಮರೆತರು. ನಕ್ಕು ಮರೆಯಲಾಗದ ಸಂಗತಿ ಆರಂಭವಾದದ್ದು ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ.

ಅದುವರೆಗೆ ಪರೀಕ್ಷೆ ನಡೆಯುತ್ತಿದ್ದ ಕ್ರಮ ಹೀಗೆ: ಪರೀಕ್ಷೆ ಕೊಡುವವರು ಸ್ಟಿಯರಿಂಗ್ ಮುಂದೆ, ಅವರ ಪಕ್ಕದಲ್ಲಿ ಕಲಿಸಿದ ಮೇಷ್ಟ್ರು, ಹಿಂದಿನ ಸೀಟಿನಲ್ಲಿ ಪರೀಕ್ಷಕರು. ಹಳೆಯ ಪರೀಕ್ಷಕರು ಹಿಂದೆ ಕೂತು ಫೈಲು ನೋಡುತ್ತಾ, ಗಾಡಿ ನಿಂತಲ್ಲಿ ನಿಂತರೆ ಸಹಿ ಹಾಕುತ್ತಿದ್ದರು. ಅವರು ನಿವೃತ್ತರಾಗಿ, ಬಿಗಿಯಾಗಿ ತುರುಬು ಕಟ್ಟಿದ ಹೊಸ ಮೇಡಂ ಬಂದರು. ಬಂದ ದಿನವೇ ಹೊಸ ನಿಯಮ: ಪಕ್ಕದ ಸೀಟಿನಲ್ಲಿ ನಾನು ಕೂರುತ್ತೇನೆ, ಕಲಿಸಿದವರು ಬೇಲಿಯ ಆಚೆ. ಮೇಡಂ ಕೂತರೆ ಎರಡೂ ಪಾದ ಹಿಂದಕ್ಕೆ ಎಳೆದುಕೊಂಡು ಒಂದರ ಮೇಲೊಂದು ಹಾಕಿಕೊಳ್ಳುತ್ತಿದ್ದರು. ಎರಡನೇ ಬ್ರೇಕು ಅನಾಥವಾಗಿ ನಿಂತಿರುತ್ತಿತ್ತು.

ಮೂರು ತಿಂಗಳಲ್ಲಿ ಮೇಷ್ಟ್ರ ಶಿಷ್ಯರು ಹನ್ನೆರಡು ಜನ ಪರೀಕ್ಷೆಗೆ ಹೋದರು. ಹನ್ನೆರಡೂ ಜನ ಫೇಲು. ಸ್ಟಿಯರಿಂಗ್ ಸರಿ, ಗೇರು ಸರಿ, ಇಂಡಿಕೇಟರು ಸರಿ. ನಿಲ್ಲುವ ಬಿಳಿ ಗೆರೆಯ ಬಳಿ ಮಾತ್ರ ಎಲ್ಲರೂ ಗಾಂಭೀರ್ಯದಿಂದ, ಸಮಾಧಾನದಿಂದ, ಗೆರೆ ದಾಟಿ ಹೋಗುತ್ತಿದ್ದರು.

ಆ ಹನ್ನೆರಡರಲ್ಲಿ ಒಬ್ಬರು ಮೇಷ್ಟ್ರ ಸ್ವಂತ ಅಕ್ಕ. ಎರಡು ಸಲ ಫೇಲಾಗಿದ್ದವರೂ ಅವರೊಬ್ಬರೇ.

ಅಕ್ಕನಿಗೆ ಐವತ್ತು. ಆಸ್ಪತ್ರೆಯಲ್ಲಿ ಆಯಾ ಕೆಲಸ. ನಾಲ್ಕು ಮಹಡಿ ಹತ್ತಿಳಿದು, ನೆಲ ಒರೆಸಿ, ರೋಗಿಗಳನ್ನು ಎತ್ತಿ ಕೂರಿಸಿ, ಅವರ ಮಂಡಿಗಳು ಈಗ ಮಾತಾಡುತ್ತಿದ್ದವು. ಕೂತರೆ ಒಂದು ಮಾತು, ಎದ್ದರೆ ಎರಡು. ಮೂರು ಮಹಡಿ ಹತ್ತಿ ನಾಲ್ಕನೆಯದಕ್ಕೆ ಗೋಡೆ ಹಿಡಿದು ನಿಲ್ಲುವುದನ್ನು ಮುಖ್ಯ ನರ್ಸು ಕಂಡಿದ್ದರು. ರಕ್ತದ ಮಾದರಿಗಳನ್ನು ಶಾಖೆಗಳಿಂದ ಲ್ಯಾಬಿಗೆ ಒಯ್ಯುವ ಪುಟ್ಟ ವ್ಯಾನಿನ ಚಾಲಕ ಕೆಲಸ ಬಿಡುವವನಿದ್ದ. "ತಿಂಗಳ ಕೊನೆ ಒಳಗೆ ಲೈಸೆನ್ಸ್ ತನ್ನಿ, ಆ ಕೆಲಸ ನಿಮಗೇ. ಇಲ್ಲದಿದ್ರೆ ಬೇರೆಯವರನ್ನ ತಗೋಬೇಕಾಗುತ್ತೆ. ಮಂಡಿ ಹೀಗಿದ್ರೆ ವಾರ್ಡಿನ ಕೆಲಸವೂ ಕಷ್ಟ" ಎಂದಿದ್ದರು ಅವರು. ಮೂರನೇ ಸಲವೂ ಫೇಲಾದರೆ ಆರು ತಿಂಗಳು ಪರೀಕ್ಷೆಗೆ ಬರುವಂತಿಲ್ಲ. ಅಂದರೆ ಅಕ್ಕನ ಮುಂದಿನ ಹತ್ತು ವರ್ಷ ಒಂದು ಬಿಳಿ ಗೆರೆಯ ಮೇಲೆ ನಿಂತಿತ್ತು. ಅಕ್ಕ ಮಾತ್ರ ಅದರ ಮೇಲೆ ನಿಲ್ಲುತ್ತಿರಲಿಲ್ಲ.

ಎರಡನೇ ಸಲ ಫೇಲಾದ ದಿನ ಮೇಡಂ ಬೇಲಿಯ ಹತ್ತಿರ ಬಂದು ಮೇಷ್ಟ್ರನ್ನು ಕರೆದರು.

"ನಿಮ್ಮ ಕಡೆಯವರನ್ನ ನಾನು ಫೈಲ್ ನೋಡದೇನೇ ಗುರುತು ಹಿಡೀತೀನಿ ಮೇಷ್ಟ್ರೇ."

"ಹೇಗೆ ಮೇಡಂ?"

"ಗೆರೆ ಹತ್ರ ಬಂದಾಗ ಕಾಯ್ತಾರೆ. ಲಿಫ್ಟ್ ಒಳಗೆ ನಿಂತವರ ಹಾಗೆ. ಯಾವಾಗ ನಿಲ್ಲುತ್ತೋ ಅಂತ."

ಮೇಷ್ಟ್ರಿಗೆ ಅವಮಾನವಾಯಿತು. ಹೊಸ ಮೇಡಂಗೆ ತಮ್ಮ ಮೇಲೆ ಏನೋ ಇದೆ ಎಂದು ತೀರ್ಮಾನಿಸಿ, ಆ ದಿನ ಏಳನೇ ಡಬ್ಬಿಯನ್ನೂ ಕುಡಿದರು. ಅಕ್ಕ ಕಾರಿನಲ್ಲಿ ಕೂತು ಕಣ್ಣು ಒರೆಸಿಕೊಂಡರು.

"ನನಗೆ ತಲೆ ಇಲ್ಲ ಕಣೋ. ನಿನ್ನ ಹತ್ರ ಕಲಿಯುವಾಗ ಚೆನ್ನಾಗೇ ನಿಲ್ಲುತ್ತೆ. ಅಲ್ಲಿ ಹೋದ್ರೆ ಕಾಲು ಏನೂ ಮಾಡಲ್ಲ."

"ಭಯ ಅಕ್ಕ, ಬರೀ ಭಯ. ಹತ್ತು ದಿನ ಇದೆ. ಬೆಳಿಗ್ಗೆ ಒಂದು, ಸಂಜೆ ಒಂದು ಪಾಠ ಮಾಡೋಣ."

ಮರುದಿನ ಗಾಡಿಗೆ ಸರ್ವೀಸ್ ಇತ್ತು. ಮೇಷ್ಟ್ರ ಹಳೆಯ ಗೆಳೆಯನಾದ ಮೆಕ್ಯಾನಿಕ್ ಬಾಗಿಲು ತೆರೆದು, ಮೊಣಕಾಲೂರಿ, ಟಾರ್ಚು ಹಿಡಿದು ಎರಡೂ ಸೀಟಿನ ಕೆಳಗೆ ನೋಡಿದ. ಮತ್ತೆ ನೋಡಿದ. ಎದ್ದು ಕೈ ಒರೆಸಿಕೊಂಡ.

"ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ಈ ಗಾಡಿ ಯಾರು ಓಡಿಸೋದು?"

"ಯಾರು ಅಂದ್ರೆ? ಕಲಿಯೋರು."

"ಹಾಗಾದ್ರೆ ಇದನ್ನ ನೋಡಿ."

ಬ್ರೇಕಿನ ಪೆಡಲಿನ ಮೇಲೆ ಕಾಲು ಜಾರದಿರಲೆಂದು ಗೆರೆಗೆರೆ ರಬ್ಬರು ಇರುತ್ತದೆ. ಎರಡು ವರ್ಷದ ಹಿಂದೆ ಎರಡೂ ಬ್ರೇಕಿಗೆ ಒಂದೇ ದಿನ ಹೊಸ ರಬ್ಬರು ಹಾಕಿದ್ದವನು ಅವನೇ. ಕಲಿಯುವವರ ಕಡೆಯ ರಬ್ಬರು ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು. ಗೆರೆಗಳ ಮಧ್ಯೆ ಧೂಳು ಸಹ ಕೆಡದೆ ಕೂತಿತ್ತು. ಮೇಷ್ಟ್ರ ಕಡೆಯದು ಸವೆದು ಸವೆದು, ಗೆರೆ ಅಳಿಸಿ, ನಡುವೆ ತೂತು ಬಿದ್ದು, ಒಳಗಿನ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಕ್ಲಚ್ಚು, ಆಕ್ಸಿಲರೇಟರು ಅವರದ್ದೇ ಸವೆದಿದೆ" ಎಂದ ಮೆಕ್ಯಾನಿಕ್. "ಓಡಿಸೋದು ಅವರು, ನಿಲ್ಸೋದು ನೀವು. ಅರ್ಧ ಅರ್ಧ ಲೈಸೆನ್ಸ್ ಕೊಡಿಸ್ತೀರಾ?"

ಮೇಷ್ಟ್ರು ಅಲ್ಲೇ ಇದ್ದ ಟೈರಿನ ಮೇಲೆ ಕೂತರು. ಅವರಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಡಬ್ಬಿಗಳು ಬರುವ ಮೊದಲು ಅವರ ಕಾಲು ದಿನಕ್ಕೆ ಮೂರೋ ನಾಲ್ಕೋ ಸಲ, ನಿಜವಾದ ಅಪಾಯದಲ್ಲಿ ಮಾತ್ರ ಕೆಳಗೆ ಹೋಗುತ್ತಿತ್ತು. ಡಬ್ಬಿಗಳು ಬಂದ ಮೇಲೆ ಅದಕ್ಕೆ ಅಪಾಯವೇ ಬೇಕಿರಲಿಲ್ಲ. ಶಿಷ್ಯ ನೋಡುವ ಮೊದಲು ಕಾಲು ನೋಡುತ್ತಿತ್ತು. ಶಿಷ್ಯ ಹೆದರುವ ಮೊದಲು ಕಾಲು ಹೆದರುತ್ತಿತ್ತು. ಒತ್ತುವುದು ಎಷ್ಟು ನಯವಾಗಿತ್ತೆಂದರೆ ಕಲಿಯುವವರು ತಮ್ಮ ಇಷ್ಟದಂತೆಯೇ ಗಾಡಿ ನಿಂತಿತು ಎಂದುಕೊಳ್ಳುತ್ತಿದ್ದರು. ಮೇಷ್ಟ್ರೂ ಹಾಗೇ ಅಂದುಕೊಂಡಿದ್ದರು. ಹಳೆಯ ನಿಯಮದ ಪರೀಕ್ಷೆಗಳಲ್ಲೂ ಪಾಸಾಗುತ್ತಿದ್ದದ್ದು ಈ ಕಾಲೇ.

ಸಂಜೆ ಅಕ್ಕನಿಗೆ ಸತ್ಯ ಹೇಳಿದರು. ಅಕ್ಕ ಬೈಯಬಹುದಿತ್ತು. ಬೈದರು ಕೂಡ.

"ಅಂದ್ರೆ ಇಷ್ಟು ದಿನ ನಾನು ನಿಲ್ಸಿದ್ದೆಲ್ಲ ನೀನು ನಿಲ್ಸಿದ್ದಾ?"

"ಹೂಂ."

"ಆವತ್ತು ಆ ಹಸು ಅಡ್ಡ ಬಂದಾಗ? ನಾನು ಊರಿಗೆಲ್ಲ ಹೇಳ್ಕೊಂಡು ಬಂದಿದ್ದೆ!"

"ಅದೂ ನಾನೇ ಅಕ್ಕ."

"ಪಾಪಿ. ಎರಡು ಸಲ ಕೂತು ಅತ್ತಿದ್ದೀನಿ ನಾನು. ಕಾಲು ತೆಗಿ ಅಲ್ಲಿಂದ."

ತೆಗೆಯುವುದು ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ಮುಂದಿನ ಎರಡು ದಿನ ಮೇಷ್ಟ್ರಿಗೂ ಅವರ ಬಲಗಾಲಿಗೂ ಘೋರ ಸಮರವಾಯಿತು. ಮೊದಲು ಬೂಟು ಕಳಚಿ ಕೂತರು. ಕಾಲು ಬರಿಗಾಲಲ್ಲೇ ಹೋಗಿ ಒತ್ತಿತು. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ತಿರುವಿನಲ್ಲಿ ಬಸ್ಸು ಕಂಡದ್ದೇ ಕಾಲು ಚಕ್ಕಳಮಕ್ಕಳವನ್ನು ಒಡೆದುಕೊಂಡು ನೆಗೆಯಿತು, ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು ಮೇಷ್ಟ್ರು "ಅಯ್ಯಪ್ಪಾ" ಎಂದರು. ಅಕ್ಕ ಗಾಡಿ ನಿಲ್ಲಿಸಲು ಹೋದಾಗ ಅದು ಆಗಲೇ ನಿಂತಿತ್ತು. ಇಪ್ಪತ್ತೆರಡು ವರ್ಷ ಸೇವೆ ಮಾಡಿದ ಸೇವಕ ಈಗ ಯಜಮಾನನ ಮಾತು ಕೇಳುತ್ತಿರಲಿಲ್ಲ. ಅವನು ಬೇರೆ ಯಜಮಾನನ ಕೂಲಿಗೆ ಸೇರಿದ್ದ. ಆ ಯಜಮಾನ ಪಕ್ಕದ ಗೂಡಿನಲ್ಲಿ ತಣ್ಣಗೆ, ಚಿರತೆಯ ಚಿತ್ರ ಹೊತ್ತು ಕೂತಿದ್ದ.

ಎರಡನೇ ದಿನದ ಸಂಜೆ ಅಕ್ಕ ಆ ಡಬ್ಬಿಯನ್ನು ಎತ್ತಿ, ಕಿಟಕಿಯ ಆಚೆ ಚರಂಡಿಗೆ ಸುರಿದರು. "ಕಾಲನ್ನ ಬೈಬೇಡ. ಅದಕ್ಕೆ ಹುಚ್ಚು ಹಿಡಿಸಿದ್ದು ಇದು. ನಾಳೆಯಿಂದ ಇದು ಮುಟ್ಟಿದ್ರೆ ನಾನು ಪಾಠಕ್ಕೆ ಬರಲ್ಲ."

ವಾರ್ಡಿನ ಡಾಕ್ಟರರನ್ನು ಕೇಳಿಕೊಂಡು ಬಂದವರು ಅಕ್ಕನೇ: ಒಂದೇ ಸಲ ಬಿಟ್ಟರೆ ತಲೆನೋವು, ತೂಕಡಿಕೆ, ಸಿಡುಕು ಎಲ್ಲ ಬರುತ್ತದೆ, ಒಂದು ವಾರ ಕಾಡಬಹುದು, ನಿಧಾನವಾಗಿ ಇಳಿಸುವುದು ಒಳ್ಳೆಯದು. ಮೇಷ್ಟ್ರು ಕೈಯೆತ್ತಿದರು. "ಅಷ್ಟು ದಿನ ಇಲ್ಲ ಅಕ್ಕ. ಒಂದೇ ಸಲ."

ಆಮೇಲಿನದನ್ನು ಬರೆಯಲು ಮಹಾಕವಿಗಳು ಬೇಕು. ಮೊದಲ ದಿನ ಮಧ್ಯಾಹ್ನ ತಲೆಯೊಳಗೆ ಯಾರೋ ಮಂಚ ಎಳೆದಾಡತೊಡಗಿದರು. ಎರಡನೇ ದಿನ ಅದೇ ಮಂಚವನ್ನು ಬಿಚ್ಚಿ ಮೊಳೆ ಹೊಡೆದು ಮತ್ತೆ ಜೋಡಿಸಿದರು. ಹೆಂಡತಿ ಚಮಚ ಕೆಳಗಿಟ್ಟ ಸದ್ದಿಗೆ "ಯುದ್ಧ ನಡೀತಿದೆಯಾ ಇಲ್ಲಿ?" ಎಂದು ಮೇಷ್ಟ್ರು ಕೂಗಿದರು. ಕೂಗಿದ ಸದ್ದಿಗೆ ತಮ್ಮ ತಲೆಯನ್ನೇ ಹಿಡಿದುಕೊಂಡರು. ಪಾಠಗಳನ್ನು ಹನ್ನೆರಡರಿಂದ ಐದಕ್ಕೆ ಇಳಿಸಿದ್ದರು. ಆ ಐದರಲ್ಲೂ ಗಾಡಿ ಹೊರಗೆ ತೆಗೆಯದೆ, ನಿಂತ ಗಾಡಿಯಲ್ಲೇ ಗೇರು ಕಲಿಸಿದರು. ಬೀದಿಯ ಕೊನೆಯ ಅಂಗಡಿಯ ಮುಂದೆ ಹೋಗದೆ ಹಿಂದಿನ ಓಣಿಯಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಅಂಗಡಿಯವನು ಮೂರನೇ ದಿನ ಹೆಂಡತಿಯನ್ನು ಕೇಳಿದ: "ಮೇಷ್ಟ್ರು ಊರಲ್ಲಿಲ್ವಾ?"

"ಇದ್ದಾರೆ, ಆದ್ರೆ ಇಲ್ಲ" ಎಂದರು ಹೆಂಡತಿ.

ಈ ಮೂರು ದಿನ ಮಲಗಿದಲ್ಲಿ ಕೂತಲ್ಲಿ ನಡುನಡುವೆ ಮೇಷ್ಟ್ರು ಒಂದು ಮಾತು ಯೋಚಿಸಿದರು. ತಾನು ಕುಡಿಯುತ್ತಿದ್ದದ್ದು ನಿದ್ದೆಗೆ ಹೆದರಿ ಮಾತ್ರ ಅಲ್ಲ. ತಾನು ಎಚ್ಚರ ತಪ್ಪಿದರೆ ಯಾರೋ ಸಾಯುತ್ತಾರೆ ಎಂಬ ಹೆದರಿಕೆಗೆ. ಆ ಹೆದರಿಕೆ ಸುಳ್ಳಲ್ಲ. ಆದರೆ ಡಬ್ಬಿ ಅದನ್ನು ಎಷ್ಟು ದೊಡ್ಡದು ಮಾಡಿತ್ತೆಂದರೆ, ಅದರೊಳಗೆ ಇನ್ನೊಬ್ಬರು ಕಲಿಯಲು ಜಾಗವೇ ಉಳಿದಿರಲಿಲ್ಲ. ಇಬ್ಬರ ಎಚ್ಚರವನ್ನೂ ತಾನೊಬ್ಬನೇ ಹೊತ್ತಿದ್ದ. ಕಲಿಯುವವರ ಪಾಲಿಗೆ ಬಂದದ್ದು ಬರೀ ಸ್ಟಿಯರಿಂಗು.

ನಾಲ್ಕನೇ ದಿನ ಭಾನುವಾರ. ಪರೀಕ್ಷೆಗೆ ಇನ್ನು ಮೂರು ದಿನ. ಬೆಳಿಗ್ಗೆ ಏಳಕ್ಕೆ ಅಕ್ಕನೂ ತಮ್ಮನೂ ಗೋದಾಮುಗಳ ಹಿಂದಿನ ಅಗಲ ರಸ್ತೆಗೆ ಹೋದರು. ರಜೆಯ ದಿನ ಅಲ್ಲಿ ಲಾರಿಗಳು ಇರುವುದಿಲ್ಲ. ಸೀಟಿನ ಹಿಂದಕ್ಕೆ ತಲೆ ಆನಿಸಿ ಮೇಷ್ಟ್ರು, "ಎರಡನೇ ಗೇರಲ್ಲಿ ಹೋಗು ಅಕ್ಕ, ನಾನು ಹೇಳ್ತೀನಿ, ನೀನು..." ಎಂದರು. ವಾಕ್ಯ ಅಲ್ಲಿಗೇ ನಿಂತಿತು.

ಮುಂದಿನ ನಲವತ್ತು ನಿಮಿಷಕ್ಕೆ ಸಾಕ್ಷಿ ಅಕ್ಕ ಒಬ್ಬರೇ. ಅವರು ಹೇಳಿದ್ದನ್ನು ಹೇಳುತ್ತೇನೆ. ಡ್ರೈವಿಂಗ್ ಶಾಲೆಯ ನಿಯಮ ಬರೆದವರು ದಯವಿಟ್ಟು ಮುಂದಿನ ಎರಡು ಪ್ಯಾರಾ ಬಿಟ್ಟು ಓದಬೇಕು.

ಅಕ್ಕ ಮೊದಲು ಮುಂದಿನ ಮಾತಿಗೆ ಕಾದರು. ಬರಲಿಲ್ಲ. ಓರೆಗಣ್ಣಿನಿಂದ ನೋಡಿದರೆ ತಮ್ಮನ ಬಾಯಿ ತೆರೆದಿದೆ, ಕುತ್ತಿಗೆ ಒಂದು ಕಡೆ ವಾಲಿದೆ, ಎರಡೂ ಕೈ ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿವೆ. ಬಲಗಾಲು ಬ್ರೇಕಿನಿಂದ ಜಾರಿ ಎಡಗಾಲಿಗೆ ಒರಗಿದೆ. ಅಕ್ಕನಿಗೆ ಹೊಳೆಯಿತು: ಗಾಡಿಯಲ್ಲಿ ಈಗ ಎಚ್ಚರವಾಗಿರುವುದು ತಾನೊಬ್ಬಳೇ! ಆ ಕ್ಷಣಕ್ಕೆ ಅವರ ಸ್ವಂತ ಕಾಲು ತಾನಾಗಿ ಕೆಳಗೆ ಹೋಯಿತು. ಗಾಡಿ ನಿಂತಿತು.

ಅಕ್ಕ ಸ್ವಲ್ಪ ಹೊತ್ತು ನಿಂತ ಗಾಡಿಯನ್ನು ನಂಬದೆ ಕೂತಿದ್ದರು. ತಮ್ಮನನ್ನು ಅಲುಗಿಸಲು ಕೈ ಎತ್ತಿದವರು ಕೈ ಹಿಂದಕ್ಕೆ ತೆಗೆದುಕೊಂಡರು. ಅವನು ಹೀಗೆ ಬಾಯಿ ತೆರೆದು ಮಲಗಿದ್ದನ್ನು ಅವರು ನೋಡಿದ್ದು ಚಿಕ್ಕಂದಿನಲ್ಲಿ. ವಾರ್ಡಿನಲ್ಲಿ ಮಲಗಿದ ರೋಗಿಯನ್ನು ಔಷಧಿಗೆ ಬಿಟ್ಟು ಬೇರೆ ಯಾವ ಕಾರಣಕ್ಕೂ ಎಬ್ಬಿಸಬಾರದು ಎಂಬುದು ಅವರ ಇಪ್ಪತ್ತು ವರ್ಷದ ಕಲಿಕೆ. ಮೊದಲ ಗೇರು ಹಾಕಿದರು. ನಿಧಾನವಾಗಿ ಹೊರಟರು. ಮರದ ಬಳಿ ನಿಲ್ಲಿಸಿದರು. ಮತ್ತೆ ಹೊರಟು ಕಂಬದ ಬಳಿ ನಿಲ್ಲಿಸಿದರು. ಎರಡು ನಾಯಿಗಳು ರಸ್ತೆ ದಾಟಿದವು, ಅವುಗಳಿಗೆ ನಿಲ್ಲಿಸಿದರು. ದಾಟದೆ ನಿಂತಿದ್ದ ಮೂರನೇ ನಾಯಿಗೂ ಮರ್ಯಾದೆಗೆಂದು ನಿಲ್ಲಿಸಿದರು. ಜರ್ಕು ಹೊಡೆದರೆ ಅವನು ಎಚ್ಚರಗೊಳ್ಳುತ್ತಾನೆ ಎಂದು ಪ್ರತಿ ಸಲವೂ ಬ್ರೇಕನ್ನು ಮಗುವಿನ ಬೆನ್ನು ತಟ್ಟಿದಂತೆ ಒತ್ತಿದರು. ಗೋದಾಮುಗಳ ಸುತ್ತ ಏಳು ಸುತ್ತಾಯಿತು. ಕೊನೆಗೆ ನೆರಳಿದ್ದ ಕಡೆ ನಿಲ್ಲಿಸಿ ಎಂಜಿನ್ ಆರಿಸಿದಾಗ, ಸದ್ದು ನಿಂತದ್ದಕ್ಕೆ ಮೇಷ್ಟ್ರು ಕಣ್ಣು ಬಿಟ್ಟರು.

"ಯಾಕಕ್ಕ ನಿಲ್ಸಿದೆ? ಹೊರಡು, ಹೋಗೋಣ."

"ಹೋಗಿ ಬಂದಾಯ್ತು."

"ಎಲ್ಲಿಗೆ?"

"ಏಳು ಸುತ್ತು. ಐವತ್ತು ಸಲನಾದ್ರೂ ಬ್ರೇಕ್ ಹಾಕಿದೀನಿ. ಲೆಕ್ಕ ತಪ್ಪಿತು. ನೀನು ಗೊರಕೆ ಹೊಡೀತಿದ್ದೆ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಇಪ್ಪತ್ತೆರಡು ವರ್ಷದಲ್ಲಿ ಆ ಸೀಟಿನಲ್ಲಿ ಅವರು ಒಂದು ಸಲ ಆಕಳಿಸಿದ್ದೂ ಇಲ್ಲ. "ಎಬ್ಬಿಸ್ಬಾರ್ದಾ? ಏನಾದ್ರೂ ಆಗಿದ್ರೆ?"

"ಆಗ್ಲಿಲ್ವಲ್ಲ. ನಾನಿದ್ನಲ್ಲ."

ಮೇಷ್ಟ್ರು ಬಾಯಿಯ ಜೊಲ್ಲು ಒರೆಸಿಕೊಂಡು ನೆಟ್ಟಗೆ ಕೂತರು. ಮುಂದಿನ ಎರಡು ದಿನದ ಪಾಠಗಳಲ್ಲಿ ಎಚ್ಚರವಾಗಿಯೇ ಇದ್ದರು, ಬೆಳಿಗ್ಗೆ ಒಂದು ಲೋಟ ಕಾಫಿಯನ್ನೂ ಕುಡಿದಿದ್ದರು, ಅವರೂ ಮನುಷ್ಯರೇ. ಆದರೆ ಬಸ್ಸು ಬಂದಾಗ ಕಾಲು ಎದ್ದರೂ ಒಂದು ಉಸಿರಿನಷ್ಟು ಹೊತ್ತು ಕಾಯತೊಡಗಿತು. ಆ ಒಂದು ಉಸಿರು ಅಕ್ಕನಿಗೆ ಸಾಕಾಗುತ್ತಿತ್ತು.

ಪರೀಕ್ಷೆಯ ದಿನ ಬೇಲಿಯ ಆಚೆ ನಿಂತ ಮೇಷ್ಟ್ರನ್ನು ಕಂಡು ಇನ್ನೊಂದು ಶಾಲೆಯ ಮೇಷ್ಟ್ರು ಕೇಳಿದರು, "ಯಾಕ್ರೀ ಕೊಕ್ಕರೆ ಹಾಗೆ ಒಂಟಿಕಾಲಲ್ಲಿ ನಿಂತಿದ್ದೀರಿ? ನೋವಾ?"

"ನೋವಲ್ಲ. ಇದನ್ನ ನೆಲಕ್ಕೆ ಬಿಟ್ರೆ ಇಲ್ಲಿಂದಲೇ ಒತ್ತಿಬಿಡುತ್ತೆ."

ಮೈದಾನದಲ್ಲಿ ಅಕ್ಕ ಓಡಿಸುತ್ತಿದ್ದ ಬಿಳಿ ಕಾರು ಹೊರಟಿತು. ಪಕ್ಕದ ಸೀಟಿನಲ್ಲಿ ಮೇಡಂ ಪಾದದ ಮೇಲೆ ಪಾದ ಹಾಕಿ ಕೂತಿದ್ದರು. ಏರು ಹತ್ತಿತು, ಇಳಿಯಿತು, ತಿರುವಿನಲ್ಲಿ ಇಂಡಿಕೇಟರು ಮಿಣುಕಿತು. ಗೆರೆ ಬಂತು. ಬೇಲಿಯ ಕಂಬಿಯನ್ನು ಹಿಡಿದಿದ್ದ ಮೇಷ್ಟ್ರ ಬೆರಳು ಬೆಳ್ಳಗಾದವು. ಗೆರೆಗೆ ಹತ್ತು ಅಡಿ ಇರುವಾಗ ಅಕ್ಕ ಒಮ್ಮೆ ಪಕ್ಕಕ್ಕೆ ನೋಡಿದ್ದು ಅವರಿಗೆ ಕಂಡಿತು. ಮುಗಿಯಿತು ಎಂದುಕೊಂಡರು. ಕಾರಿನ ಹಿಂದಿನ ಕೆಂಪು ದೀಪಗಳು ಹೊತ್ತಿದವು. ಕಾರು ಗೆರೆಯ ಒಂದು ಗೇಣು ಹಿಂದೆ, ಒಂದಿಷ್ಟೂ ಅಲುಗದೆ ನಿಂತಿತು.

ಆಮೇಲೆ ತಿಳಿಯಿತು, ಅಕ್ಕ ಪಕ್ಕಕ್ಕೆ ನೋಡಿದ್ದು ಮೇಡಂ ಮಲಗಿದ್ದಾರೋ ಎಂದು. ಅಭ್ಯಾಸ.

"ಯಾರಮ್ಮ ಕಲಿಸಿದ್ದು? ಇಷ್ಟು ನಯವಾಗಿ ಯಾರೂ ನಿಲ್ಸಲ್ಲ" ಎಂದರು ಮೇಡಂ ಸಹಿ ಹಾಕುತ್ತಾ.

"ನನ್ನ ತಮ್ಮ ಮೇಡಂ."

ಮೇಡಂ ಬೇಲಿಯ ಕಡೆ ನೋಡಿ, ಒಂಟಿಕಾಲಲ್ಲಿ ನಿಂತ ಗುರುವನ್ನು ಕಂಡು, ಮುಂದಿನ ಫೈಲು ಎತ್ತಿಕೊಂಡರು.

ಮನೆಗೆ ಬರುವಾಗ ಗಾಡಿ ಓಡಿಸಿದ್ದು ಅಕ್ಕನೇ. ಸಿಗ್ನಲ್ಲಿನಲ್ಲಿ ನಿಂತಾಗ, "ಇನ್ನೂ ಹನ್ನೊಂದು ಜನ ಇದ್ದಾರಲ್ಲೋ" ಎಂದರು.

"ಯಾರು?"

"ಫೇಲಾದವರು. ನಾನು ಒಬ್ಬಳೇ ಅತ್ತಿದ್ದು ಅಂದ್ಕೊಂಡಿದ್ದೀಯಾ? ಅವರೆಲ್ಲ ತಮಗೆ ತಲೆ ಇಲ್ಲ ಅಂದ್ಕೊಂಡು ಮನೇಲಿ ಕೂತಿದ್ದಾರೆ. ಹೋಗಿ ಹೇಳು."

"ಏನಂತ ಹೇಳ್ಲಿ? ಡಬ್ಬಿ ಕುಡಿದು ನಿಮ್ಮ ಬ್ರೇಕ್ ನಾನು ಒತ್ತಿದೆ ಅಂತಾನಾ?"

"ಹೂಂ. ಹಾಗೇ ಹೇಳು."

ಶತ್ರುಪಾಳೆಯಕ್ಕೆ ಒಬ್ಬಂಟಿಯಾಗಿ ಹೋಗುವ ವೀರನ ಹಾಗೆ ಮೇಷ್ಟ್ರು ಮುಂದಿನ ವಾರ ಮನೆಮನೆಗೆ ಹೊರಟರು. ಕೆಲವರು ನಕ್ಕರು, ಇಬ್ಬರು ಬೈದರು, ಪಾರ್ಸೆಲ್ ಹಂಚುವವನೊಬ್ಬ ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿದ. ಎಂಟು ಜನ ಮತ್ತೆ ಕಲಿಯಲು ಒಪ್ಪಿದರು. ಹನ್ನೊಂದನೆಯವರು ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸು. ಪುಸ್ತಕಗಳಿಗೆ ಚೀಟಿ ಅಂಟಿಸುತ್ತಾ, ಮೇಷ್ಟ್ರು ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿದರು.

"ಅಂದ್ರೆ ತಪ್ಪು ನನ್ನದಲ್ಲ?"

"ಅಲ್ಲಮ್ಮ. ನಿಮಗೆ ತಪ್ಪು ಮಾಡೋಕೂ ನಾನು ಬಿಟ್ಟಿರಲಿಲ್ಲ."

"ಇದನ್ನ ಬರೆದುಕೊಡ್ತೀರಾ?"

"ಬರೆದು... ಯಾಕೆ?"

"ನಮ್ಮ ಮನೆಯವರಿಗೆ ತೋರಿಸ್ಬೇಕು. ಎರಡು ತಿಂಗಳಿಂದ ಊಟಕ್ಕೆ ಕೂತಾಗೆಲ್ಲ, ಬ್ರೇಕ್ ಎಲ್ಲಿದೆ ಗೊತ್ತಾ ಅಂತ ಕೇಳ್ತಿದ್ದಾರೆ."

ಮೇಷ್ಟ್ರು ಅಲ್ಲೇ ಮೇಜಿನ ಮೇಲೆ ಬರೆದುಕೊಟ್ಟರು: ಇವರ ಪಾಠದ ಕಾಲದಲ್ಲಿ ಬ್ರೇಕು ಒತ್ತುತ್ತಿದ್ದದ್ದು ನಾನು, ಇವರಿಗೆ ಅವಕಾಶವೇ ಸಿಕ್ಕಿಲ್ಲ. ಕೆಳಗೆ ಸಹಿ. ಆಕೆ ಓದಿ, ಎರಡು ಸಲ ಮಡಿಸಿ ಕೈಚೀಲದಲ್ಲಿ ಇಟ್ಟುಕೊಂಡರು.

"ಮತ್ತೆ ಪಾಠಕ್ಕೆ ಯಾವಾಗ ಬರ್ತೀರಮ್ಮ?" ಎಂದರು ಮೇಷ್ಟ್ರು.

"ಅವಸರ ಮಾಡಬೇಡಿ ಮೇಷ್ಟ್ರೇ. ಮೊದಲು ಇವತ್ತಿನ ಊಟ ಆಗ್ಲಿ."